ಸಿಂಧನೂರಿನ ಬಿಸಿಲಲ್ಲಿ ಮೈನಸ್ 40 ಡಿಗ್ರಿ: ಕಾರಿನ ಎಂಜಿನ್ ತೊಂದರೆಯನ್ನು ಮನೆಯಲ್ಲೇ ಪತ್ತೆ ಮಾಡುವುದು

ಹೋದ ವರ್ಷ ಮೇ ತಿಂಗಳು, ಸಿಂಧನೂರು. ಮಧ್ಯಾಹ್ನ ಎರಡು ಗಂಟೆ. ಬಾನೆಟ್ ಮೇಲೆ ಕೈ ಇಡಲು ಆಗದಂಥ ಬಿಸಿಲು. ಸ್ಟೀರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಸಿಕ್ಕಿಸಿ, ಫೋನ್ ಹಿಡಿದು ಕಾರಿನಲ್ಲಿ ಕೂತಿದ್ದೆ. ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟ್, ಎಷ್ಟು ಬಿಸಿ ಇದೆ ಅಂತ ಆ್ಯಪ್ ತೋರಿಸಿತು: ಮೈನಸ್ 40 ಡಿಗ್ರಿ ಸೆಲ್ಸಿಯಸ್.

ಅದಕ್ಕೂ ಮೊದಲು ಮೂರು ವಾರದಿಂದ ಕಾರು ಕಾಟ ಕೊಡುತ್ತಿತ್ತು. ಸ್ಟಾರ್ಟ್ ಆದ ಕೂಡಲೇ ರೇಡಿಯೇಟರ್ ಫ್ಯಾನ್ ಭರ್ರನೆ ತಿರುಗಲು ಶುರು. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು. ಪೆಟ್ರೋಲ್ ಜಾಸ್ತಿ ಕುಡಿಯುವುದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಬೇರೆ. ಒಂದು ಗ್ಯಾರೇಜಿನವರು ನೋಡಿ, "ಕಾರಿನ ಕಂಪ್ಯೂಟರೇ ಹೋಗೇತ್ರಿ, ಹೊಸದು ಹಾಕಬೇಕು" ಅಂದರು. ಖರ್ಚು ಕೇಳಿ ಕಾರು ವಾಪಸ್ ತಂದೆ. ಕೊನೆಗೆ ಸಿಕ್ಕಿದ್ದು ಇಲಿ ಕಡಿದ ಒಂದು ವೈರ್.

ಅದು ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ದೀಪ ಹತ್ತಿದಾಗ ಒಳಗೆ ಸಿಗುವ ಕೋಡ್ ಅಂದರೆ ಠಾಣೆಯಲ್ಲಿ ಬರೆಸಿದ ದೂರಿನ ಹಾಗೆ. ಏನಾಯಿತು, ಎಲ್ಲಿ ಆಯಿತು ಅಷ್ಟೇ ಅದರಲ್ಲಿರುತ್ತದೆ. ಯಾರು ಮಾಡಿದರು ಅನ್ನುವುದನ್ನು ತನಿಖೆ ಮಾಡಿಯೇ ಹುಡುಕಬೇಕು. ಕೋಡ್ ಓದಿದ ತಕ್ಷಣ ಅದರಲ್ಲಿ ಹೆಸರಿರುವ ಪಾರ್ಟ್ ಬದಲಿಸುವುದರಿಂದಲೇ ನಮ್ಮ ಜನ ಎಷ್ಟೋ ಸಾವಿರ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ.

ಡಬ್ಬಿ ಮತ್ತು ಆ್ಯಪ್

ಈಗಿನ ಕಾರಿನ ಎಂಜಿನ್ನನ್ನು ನಡೆಸುವುದು ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್. ಎಷ್ಟು ಗಾಳಿ ಒಳಗೆ ಬರುತ್ತಿದೆ, ಎಂಜಿನ್ ಎಷ್ಟು ಬಿಸಿ ಇದೆ, ಸೈಲೆನ್ಸರ್ ಪೈಪಿನಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಇವೆಲ್ಲವನ್ನೂ ಸೆನ್ಸರ್‌ಗಳಿಂದ ಕೇಳುತ್ತಲೇ ಇರುತ್ತದೆ. ಅದನ್ನು ನೋಡಿಕೊಂಡು ಪೆಟ್ರೋಲ್ ಎಷ್ಟು ಬಿಡಬೇಕು, ಕಿಡಿ ಯಾವಾಗ ಹೊಡೆಯಬೇಕು ಅಂತ ತೀರ್ಮಾನಿಸುತ್ತದೆ. ಯಾವುದಾದರೂ ಲೆಕ್ಕ ತಪ್ಪಿದಂತೆ ಕಂಡರೆ ಬರೆದಿಟ್ಟುಕೊಳ್ಳುತ್ತದೆ. ಈ ವ್ಯವಸ್ಥೆಗೆ ಒಬಿಡಿ ಅಂತ ಹೆಸರು.

ಇದು ಹುಟ್ಟಿದ್ದು ಹೊಗೆಯ ಕಾಟದಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾಡೆಲ್ ಕಾರುಗಳಿಂದ ಇದನ್ನು ಕಡ್ಡಾಯ ಮಾಡಿತು. ಆಗ ಒಂದೊಂದು ಕಂಪನಿಯದು ಒಂದೊಂದು ಪ್ಲಗ್, ಒಂದೊಂದು ಭಾಷೆ. 1996ರಿಂದ ಇಡೀ ಅಮೆರಿಕದಲ್ಲಿ ಒಬಿಡಿ-2 ಬಂತು. ಎಲ್ಲ ಕಾರಿಗೂ ಒಂದೇ ಆಕಾರದ 16 ಪಿನ್ ಸಾಕೆಟ್, ಒಂದೇ ರೀತಿಯ ಕೋಡ್. ಭಾರತದಲ್ಲಿ ಬಿಎಸ್4 ಅನ್ನುವ ಹೊಗೆ ನಿಯಮ ಪಾಲಿಸುವ ಕಾರುಗಳ ಜೊತೆ ಇದು ಹಂತ ಹಂತವಾಗಿ ಬಂತು. ಬಿಎಸ್4 ಮೊದಲು ಬಂದಿದ್ದು 2010ರಲ್ಲಿ, ಅದೂ ದೊಡ್ಡ ಊರುಗಳಿಗೆ. ದೇಶದ ಎಲ್ಲ ಕಡೆ ಜಾರಿಯಾಗಿದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ನಮ್ಮ ರಾಯಚೂರು, ಕೊಪ್ಪಳ ಕಡೆಯ ಹಳೇ ಕಾರಾದರೆ ಒಮ್ಮೆ ಪರೀಕ್ಷಿಸಿ ನೋಡಬೇಕು. ಸಾಕೆಟ್ ಇದ್ದರೂ ಎಲ್ಲ ಮಾಹಿತಿ ಕೊಡದ ಕಾರುಗಳಿವೆ. 2017ರ ಏಪ್ರಿಲ್ ಆದ ಮೇಲೆ ಬಂದ ಮಾಡೆಲ್ ಆದರೆ ಚಿಂತೆಯಿಲ್ಲ.

ಸಾಕೆಟ್ ಹುಡುಕುವುದು ಸುಲಭ. ಡ್ರೈವರ್ ಸೀಟಿನ ಮುಂದೆ, ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ. ಕೆಲವು ಕಾರಿನಲ್ಲಿ ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಸ್ವಲ್ಪ ಕಿರಿದು, ಹಾಗಾಗಿ ಉಲ್ಟಾ ಸಿಕ್ಕಿಸಲು ಆಗುವುದಿಲ್ಲ.

ಅದಕ್ಕೆ ಸಿಕ್ಕಿಸುವ ಡಬ್ಬಿಗೆ ಎಲ್ಲರೂ ಇಎಲ್‌ಎಂ327 ಅಡಾಪ್ಟರ್ ಅನ್ನುತ್ತಾರೆ. ಕೆನಡಾದ ಒಂದು ಕಂಪನಿ ಮಾಡಿದ ಚಿಪ್‌ನ ಹೆಸರು ಅದು. ಆನ್‌ಲೈನಲ್ಲಿ 500 ರೂಪಾಯಿಗೆ ಸಿಗುವುದೆಲ್ಲ ಅದರ ನಕಲು. ನಕಲಾದರೂ ಕೋಡ್ ಓದಲು ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಕೆಲವು ನಡುವೆ ಸಂಪರ್ಕ ಕಡಿದುಕೊಳ್ಳುತ್ತವೆ, ಕೆಲವು ನಿಧಾನ. ವಾಪಸ್ ಕೊಡಲು ಅವಕಾಶ ಇರುವ ಕಡೆ ಕೊಳ್ಳಿ. ಆಂಡ್ರಾಯ್ಡ್ ಫೋನ್ ಆದರೆ ಸಾದಾ ಬ್ಲೂಟೂತ್ ಅಡಾಪ್ಟರ್ ನಡೆಯುತ್ತದೆ. ಐಫೋನ್‌ಗೆ ವೈಫೈ ಅಥವಾ ಹೊಸ ಬಗೆಯ ಬ್ಲೂಟೂತ್ ಎಲ್‌ಇ ಇರುವುದೇ ಬೇಕು. ಲ್ಯಾಪ್‌ಟಾಪ್ ಬಳಸುವುದಾದರೆ ಯುಎಸ್‌ಬಿ ಕೇಬಲ್ ಇರುವುದು ಒಳ್ಳೆಯದು, ಸಂಪರ್ಕ ತಪ್ಪುವುದಿಲ್ಲ.

ಆ್ಯಪ್‌ಗಳಲ್ಲಿ ಟಾರ್ಕ್, ಕಾರ್ ಸ್ಕ್ಯಾನರ್ ಎರಡೂ ಹೆಸರಾದವು. ಲ್ಯಾಪ್‌ಟಾಪಿನಲ್ಲಿ ಫೋರ್ಡ್ ಕಾರಿಗೆ ಫೋರ್‌ಸ್ಕ್ಯಾನ್, ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾಕ್ಕೆ ವಿಸಿಡಿಎಸ್ ಅನ್ನುವ ಸಾಫ್ಟ್‌ವೇರ್ ಇವೆ. ಇವು ಎಂಜಿನ್ ದಾಟಿ ಎಬಿಎಸ್, ಏರ್‌ಬ್ಯಾಗ್ ತನಕ ಓದುತ್ತವೆ. ಫೋರ್ಡ್ ಕಂಪನಿ 2021ರಲ್ಲಿ ಭಾರತದಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿತಲ್ಲ, ಆಮೇಲೆ ನಮ್ಮಂಥ ಸಣ್ಣ ಊರಿನಲ್ಲಿ ಫಿಗೋ, ಇಕೋಸ್ಪೋರ್ಟ್ ಇಟ್ಟುಕೊಂಡವರಿಗೆ ಫೋರ್‌ಸ್ಕ್ಯಾನ್ ದೊಡ್ಡ ಆಸರೆ.

ಜೋಡಿಸುವ ಕ್ರಮ ಇಷ್ಟೇ. ಕೀ ಆಫ್ ಇಟ್ಟು ಡಬ್ಬಿ ಸಿಕ್ಕಿಸಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಫೋನಿನ ಬ್ಲೂಟೂತ್‌ನಲ್ಲಿ ಹುಡುಕಿ ಜೋಡಿಸಿ. ಪಿನ್ ಕೇಳಿದರೆ 1234 ಅಥವಾ 0000 ಹಾಕಿ. ಆಮೇಲೆ ಆ್ಯಪ್ ತೆರೆದು ಅಡಾಪ್ಟರ್ ಆಯ್ಕೆ ಮಾಡಿ. ಇಷ್ಟಾದರೆ ಮಾತುಕತೆ ಶುರು.

ಆ ಮೈನಸ್ 40 ಎಲ್ಲಿಂದ ಬಂತು

ಮಾತುಕತೆ ಅಂತ ಸುಮ್ನೆ ಹೇಳಲಿಲ್ಲ. ನಿಜವಾಗಿಯೂ ಪ್ರಶ್ನೆ ಉತ್ತರ ನಡೆಯುತ್ತದೆ. ಕೂಲಂಟ್ ಬಿಸಿ ಎಷ್ಟು ಅಂತ ಕೇಳಲು ಆ್ಯಪ್ 0105 ಅಂತ ಕಳಿಸುತ್ತದೆ. 01 ಅಂದರೆ ಈಗಿನ ಲೆಕ್ಕ ಹೇಳು ಅಂತ. 05 ಅಂದರೆ ಕೂಲಂಟ್. ಕಾರಿನಿಂದ 41 05 82 ಅಂತ ಉತ್ತರ ಬಂತು ಅನ್ನಿ. ಕೊನೆಯ 82 ಹದಿನಾರರ ಲೆಕ್ಕದಲ್ಲಿದೆ. ಎಂಟು ಹದಿನಾರಲಿ 128, ಮೇಲೆ 2, ಒಟ್ಟು 130. ಅದರಲ್ಲಿ 40 ಕಳೆದರೆ 90. ಕೂಲಂಟ್ 90 ಡಿಗ್ರಿ.

40 ಯಾಕೆ ಕಳೆಯಬೇಕು? ಈ ಉತ್ತರಕ್ಕೆ ಇರುವ ಜಾಗ 0ಯಿಂದ 255ರ ತನಕ ಮಾತ್ರ. ಶೂನ್ಯಕ್ಕಿಂತ ಕೆಳಗಿನ ಚಳಿಯನ್ನೂ ಹೇಳಬೇಕಲ್ವಾ? ಅದಕ್ಕೆ 0 ಬಂದರೆ ಮೈನಸ್ 40 ಅಂತ ಒಪ್ಪಿಕೊಂಡಿದ್ದಾರೆ. ಅಂದರೆ ಮೈನಸ್ 40 ಅನ್ನುವುದು ಈ ಅಳತೆಯ ತಳ. ಅದಕ್ಕಿಂತ ಕೆಳಗೆ ಹೇಳಲು ಕಾರಿಗೆ ಬಾಯಿಯೇ ಇಲ್ಲ.

ಈಗ ಸೆನ್ಸರ್ ಕಡೆ ನೋಡೋಣ. ಕೂಲಂಟ್ ಸೆನ್ಸರ್ ಒಳಗೆ ಇರುವುದು ಬಿಸಿಯಾದಷ್ಟೂ ವಿದ್ಯುತ್ತಿಗೆ ದಾರಿ ಸಲೀಸು ಮಾಡಿಕೊಡುವ ಒಂದು ಸಣ್ಣ ತುಣುಕು. ತಣ್ಣಗಿದ್ದರೆ ತಡೆ ಜಾಸ್ತಿ, ಬಿಸಿಯಾದರೆ ತಡೆ ಕಮ್ಮಿ. ಇಸಿಯು 5 ವೋಲ್ಟ್ ಕಳಿಸಿ ಎಷ್ಟು ಉಳಿಯುತ್ತದೆ ಅಂತ ನೋಡುತ್ತದೆ. ಕಮ್ಮಿ ಉಳಿದರೆ ಎಂಜಿನ್ ಬಿಸಿ. ಜಾಸ್ತಿ ಉಳಿದರೆ ಎಂಜಿನ್ ತಣ್ಣಗಿದೆ. ವೈರ್ ತುಂಡಾದರೆ? ತಡೆಗೆ ಕೊನೆಯೇ ಇಲ್ಲ, 5 ವೋಲ್ಟೂ ಹಾಗೇ ಉಳಿಯುತ್ತದೆ. ಇಸಿಯುಗೆ ಅದು ಲೋಕದಲ್ಲಿಲ್ಲದ ಚಳಿಯ ಹಾಗೆ ಕಾಣುತ್ತದೆ. ಮೇ ತಿಂಗಳ ಸಿಂಧನೂರಿನಲ್ಲಿ ಮೈನಸ್ 40 ಬಂದಿದ್ದು ಹೀಗೆ. ಫ್ಯಾನ್ ತಿರುಗುತ್ತಿದ್ದುದಕ್ಕೂ ಕಾರಣ ಇದೇ. ಬಿಸಿ ಎಷ್ಟು ಅಂತ ತಿಳಿಯದೇ ಹೋದರೆ ಎಂಜಿನ್ ಸುಟ್ಟು ಹೋಗದಿರಲಿ ಅಂತ ಇಸಿಯು ಫ್ಯಾನನ್ನು ಹಾಕಿಯೇ ಬಿಡುತ್ತದೆ. ಕೆಲವು ಕಾರುಗಳಲ್ಲಿ ಇಸಿಯು ತಾನೇ ಒಂದು ಅಂದಾಜಿನ ಸಂಖ್ಯೆ ಇಟ್ಟುಕೊಂಡು ಅದನ್ನೇ ತೋರಿಸುತ್ತದೆ, ಅದನ್ನೂ ನೆನಪಿಡಿ.

ನನಗೆ ಬಂದ ಕೋಡ್ ಪಿ0118. ಇದನ್ನು ಬಿಡಿಸಿ ಓದಬೇಕು. ಪಿ ಅಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಸಿ ಬಂದರೆ ಬ್ರೇಕ್, ಸ್ಟೀರಿಂಗ್ ಕಡೆಯದು. ಬಿ ಬಂದರೆ ಬಾಡಿ, ಯು ಬಂದರೆ ಒಳಗಿನ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಮೊದಲ ಅಂಕಿ 0 ಆದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಆದರೆ ಆ ಕಂಪನಿಯ ಸ್ವಂತ ಕೋಡ್, ಅದರ ಅರ್ಥವನ್ನು ಆ ಕಂಪನಿಯ ಲೆಕ್ಕದಲ್ಲೇ ಹುಡುಕಬೇಕು. ಅದರ ಮುಂದಿನ ಅಂಕಿ ವಿಭಾಗ ಹೇಳುತ್ತದೆ. 1, 2 ಗಾಳಿ ಮತ್ತು ಇಂಧನ, 3 ಕಿಡಿ ಮತ್ತು ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಹತ್ತದಿರುವುದು), 4 ಹೊಗೆ ಶುದ್ಧಿ. ಪಿ0118 ಪೂರ್ತಿ ಹೇಳುವುದು ಇಷ್ಟು: ಕೂಲಂಟ್ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಜಾಸ್ತಿ ಕಾಣುತ್ತಿದೆ. ಸೆನ್ಸರ್ ಕೆಟ್ಟಿದೆ ಅಂತ ಎಲ್ಲೂ ಹೇಳಿಲ್ಲ, ಗಮನಿಸಿ. ಸೆನ್ಸರ್ ಇರಬಹುದು, ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರ್ ಇರಬಹುದು, ವೈರ್ ಇರಬಹುದು, ಇಸಿಯು ಇರಬಹುದು. ನಾಲ್ಕು ಜನ ಆರೋಪಿಗಳು.

ಬಿಡಿಸುವುದು ಹೇಗೆ? ನಮ್ಮ ಓಣಿಯ ಚಾಚಾ ಹಳೇ ಮೆಕ್ಯಾನಿಕ್, ಅವರನ್ನು ಕರೆದೆ. ಎಂಜಿನ್ ತಣ್ಣಗಾಗಲು ಬಿಟ್ಟು, ಸಂಜೆ ಸೆನ್ಸರ್‌ನ ಕಪ್ಲರ್ ಬಿಚ್ಚಿದೆವು. ಕೀ ಆನ್ ಇಟ್ಟು, ವೈರ್ ಕಡೆಯ ಎರಡು ಪಿನ್‌ಗಳನ್ನು ಒಂದು ತಂತಿ ಚೂರಿನಿಂದ ಸೇರಿಸಿದರು ಚಾಚಾ. ವೈರ್ ಮತ್ತು ಇಸಿಯು ಸರಿ ಇದ್ದರೆ ಆಗ ತಡೆ ಪೂರ್ತಿ ಮಾಯವಾಗಿ, ಫೋನಿನಲ್ಲಿ ಬಿಸಿ ಸರ್ರನೆ ಮೇಲಕ್ಕೆ ಹೋಗಬೇಕು. ಹೋದರೆ ಸೆನ್ಸರ್ ಕೆಟ್ಟಿದೆ ಅಂತ. ಹೋಗಲಿಲ್ಲ. ಮೈನಸ್ 40 ಮೈನಸ್ 40ರಲ್ಲೇ ಕೂತಿತ್ತು. ಹಾಗಾದರೆ ಸೆನ್ಸರ್ ಮೇಲೆ ಅನುಮಾನ ಬೇಡ, ತೊಂದರೆ ಇರುವುದು ಕಪ್ಲರ್‌ನಿಂದ ಇಸಿಯು ತನಕದ ದಾರಿಯಲ್ಲಿ. ವೈರ್ ಹಿಡಿದುಕೊಂಡು ಹೋದೆವು. ಬ್ಯಾಟರಿ ತಟ್ಟೆಯ ಕೆಳಗೆ ಕಪ್ಪು ಕೊಳವೆ ಹರಿದಿತ್ತು. ಒಳಗೆ ತಾಮ್ರ ಕಾಣುತ್ತಿತ್ತು. ಪಕ್ಕದಲ್ಲಿ ಭತ್ತದ ಹೊಟ್ಟು, ಇಲಿ ಹಿಕ್ಕೆ. "ಇಲ್ಲಿ ನೋಡ್ರಿ ಸರ, ಇಲಿ ಕಡದೈತಿ" ಅಂದರು ಚಾಚಾ. ಬೆಸುಗೆ ಹಾಕಿ ಜೋಡಿಸಿದರು, 150 ರೂಪಾಯಿ ತೆಗೆದುಕೊಂಡರು.

ತಂತಿ ಸೇರಿಸುವ ಈ ಪರೀಕ್ಷೆ ಎರಡೇ ವೈರ್ ಇರುವ ಬಿಸಿ ಅಳೆಯುವ ಸೆನ್ಸರ್‌ಗೆ ಮಾತ್ರ. ಮೂರು, ನಾಲ್ಕು ವೈರ್ ಇರುವ ಕಪ್ಲರ್‌ನಲ್ಲಿ ಹೀಗೆ ಮಾಡಿದರೆ ಆ ಗ್ಯಾರೇಜಿನವರು ಹೇಳಿದ ಹಾಗೆ ನಿಜವಾಗಿಯೂ ಕಂಪ್ಯೂಟರ್ ಹೋಗಬಹುದು. ಇನ್ನೊಂದು ಮಾತು. ನಮ್ಮ ಕಡೆ ಭತ್ತ ಕೊಯ್ದ ಮೇಲೆ ಗದ್ದೆಯ ಇಲಿಗಳು ಊರೊಳಗೆ ಬರುತ್ತವೆ. ಆ ದಿನಗಳಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಯಾವ ಸ್ಕ್ಯಾನರ್‌ಗಿಂತಲೂ ಮೇಲು.

ಕೋಡ್ ಅಳಿಸುವ ಮುಂಚೆ

ಆ್ಯಪ್‌ನಲ್ಲಿ ಕೋಡ್ ಅಳಿಸುವ ಗುಂಡಿ ಇರುತ್ತದೆ. ದಯವಿಟ್ಟು ಮೊದಲು ಅದನ್ನು ಒತ್ತಬೇಡಿ. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ಇರುತ್ತದೆ. ತೊಂದರೆ ಕಂಡ ಆ ಕ್ಷಣದಲ್ಲಿ ಕಾರಿನ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿ ಇತ್ತು, ಎಲ್ಲವನ್ನೂ ಫೋಟೋ ತೆಗೆದ ಹಾಗೆ ಹಿಡಿದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಯಿತು. ಮಿಸ್ಸಿಂಗ್ ಆಗಿದ್ದು ತಣ್ಣನೆಯ ಎಂಜಿನ್ ಇದ್ದಾಗಲೋ, 100ರ ವೇಗದಲ್ಲಿ ಹೈವೇ ಮೇಲೋ ಅನ್ನುವುದರಿಂದಲೇ ಅರ್ಧ ತನಿಖೆ ಮುಗಿಯುತ್ತದೆ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ.

ಪೆಂಡಿಂಗ್ ಕೋಡ್ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಬಹಳಷ್ಟು ತೊಂದರೆಗಳಿಗೆ ಕಾರು ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಒಮ್ಮೆ ಕಂಡರೆ ಪೆಂಡಿಂಗ್‌ನಲ್ಲಿ ಬರೆದುಕೊಳ್ಳುತ್ತದೆ. ಮುಂದಿನ ಓಟದಲ್ಲೂ ಕಂಡರೆ ಖಾತ್ರಿ ಮಾಡಿಕೊಂಡು ದೀಪ ಹಚ್ಚುತ್ತದೆ. ಹಾಗಾಗಿ ದೀಪ ಇಲ್ಲದಿದ್ದರೂ ತಿಂಗಳಿಗೊಮ್ಮೆ ಆ ಪಟ್ಟಿ ನೋಡಿದರೆ ಕಾಯಿಲೆ ಮೊಳಕೆಯಲ್ಲೇ ಸಿಗುತ್ತದೆ.

ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ, ಬಿಸಿಯ ಮುಳ್ಳು ಮತ್ತು ಆಯಿಲ್ ದೀಪ ಸರಿ ಇದ್ದರೆ, ನಿಧಾನವಾಗಿ ಊರು ಸೇರಬಹುದು. ಅದೇ ದೀಪ ಮಿಣುಕುತ್ತಿದ್ದರೆ ಹಾಗಲ್ಲ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತಿದೆ ಅಂತ ಅರ್ಥ. ಕನ್ವರ್ಟರ್ ದುಬಾರಿ ಸಾಮಾನು. ಪಕ್ಕಕ್ಕೆ ಹಾಕಿ ನಿಲ್ಲಿಸಿ.

ಮಿಸ್ಸಿಂಗ್‌ಗೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಪಿ0302 ಬಂದರೆ ಎರಡನೇ ಸಿಲಿಂಡರ್‌ನಲ್ಲಿ ತೊಂದರೆ ಅಂತ. ಒಂದೊಂದು ಸಿಲಿಂಡರ್‌ಗೆ ಕಿಡಿಯ ಕರೆಂಟ್ ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್ ಇರುವ ಕಾರಾದರೆ, ಎಂಜಿನ್ ತಣ್ಣಗಾದ ಮೇಲೆ, ಕೀ ಆಫ್ ಇಟ್ಟು, ಎರಡರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಬದಲಿಸಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆಗೇ ಹೋಯಿತು, ಕಾಯಿಲ್ ಕೆಟ್ಟಿದೆ. ಪಿ0302 ಅಲ್ಲೇ ಉಳಿದರೆ ಕಾಯಿಲ್ ಸರಿ ಇದೆ. ಸ್ಪಾರ್ಕ್ ಪ್ಲಗ್‌ಗಳನ್ನು ಇದೇ ರೀತಿ ಬದಲಿಸಿ ನೋಡಿ, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಕೊನೆಗೆ ಸಿಲಿಂಡರ್ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್. ನಾಲ್ಕು ಕಾಯಿಲ್‌ಗಳ ದುಡ್ಡು ಉಳಿಸುವ ಹತ್ತು ನಿಮಿಷದ ಕೆಲಸ ಇದು.

ಉಪ್ಪು ನೋಡಿ ಹಾಕುವ ಎಂಜಿನ್

ನನ್ನ ಮಟ್ಟಿಗೆ ಆ್ಯಪ್‌ನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಫ್ಯೂಯಲ್ ಟ್ರಿಮ್. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಪೆಟ್ರೋಲ್ ಸರಿಯಾಗಿ ಉರಿಯಲು 1 ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಇಸಿಯು ಮೊದಲು ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದೆ. ಆಮೇಲೆ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ರುಚಿ ನೋಡಿ ಹೇಳುತ್ತದೆ. ಸಾರು ಮಾಡುವಾಗ ಅವ್ವ ಅಂಗೈಗೆ ಒಂದು ಹನಿ ಹಾಕಿಕೊಂಡು ನೋಡುತ್ತಾಳಲ್ಲ, ಹಾಗೆ. ಉಪ್ಪು ಕಮ್ಮಿ ಅನಿಸಿದರೆ ಚಿಟಿಕೆ ಹಾಕುತ್ತಾಳೆ. ಅದು ಶಾರ್ಟ್ ಟರ್ಮ್ ಟ್ರಿಮ್, ಆ ಕ್ಷಣದ ಚಿಟಿಕೆ. ಈ ಸಲ ತಂದ ಉಪ್ಪೇ ಸಪ್ಪೆ ಅಂತ ಗೊತ್ತಾದರೆ ದಿನವೂ ಮೊದಲೇ ಸ್ವಲ್ಪ ಜಾಸ್ತಿ ಹಾಕುತ್ತಾಳೆ. ಅದು ಲಾಂಗ್ ಟರ್ಮ್ ಟ್ರಿಮ್. ಪ್ಲಸ್ ಇದ್ದರೆ ಇಸಿಯು ಲೆಕ್ಕಕ್ಕಿಂತ ಪೆಟ್ರೋಲ್ ಜಾಸ್ತಿ ಹಾಕುತ್ತಿದೆ. ಮೈನಸ್ ಇದ್ದರೆ ಕಮ್ಮಿ ಮಾಡುತ್ತಿದೆ. ಎರಡನ್ನೂ ಕೂಡಿ ನೋಡಬೇಕು. ಪ್ಲಸ್ 10, ಮೈನಸ್ 10 ಶೇಕಡಾದ ಒಳಗಿದ್ದರೆ ಸಾಮಾನ್ಯವಾಗಿ ಎಂಜಿನ್ ಆರೋಗ್ಯವಾಗಿದೆ. ಪ್ಲಸ್ 20, 25ರ ಹತ್ತಿರ ಹೋದರೆ ಪಿ0171 ಬರುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಅದರ ಅರ್ಥ.

ಪಿ0171 ಬಂದ ತಕ್ಷಣ ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ. ಪಾಪ, ಅದು ರುಚಿ ನೋಡಿ ಹೇಳಿತು ಅಷ್ಟೇ. ಹೀಗೆ ಮಾಡಿ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ನಿಂತಲ್ಲೇ ಓಡುವಾಗ, ಟ್ರಿಮ್ ಬರೆದುಕೊಳ್ಳಿ. ಆಮೇಲೆ ರೇಸ್ ಕೊಟ್ಟು 2500 ಆರ್‌ಪಿಎಂನಲ್ಲಿ ಒಂದು ನಿಮಿಷ ಹಿಡಿದು ಮತ್ತೆ ಬರೆದುಕೊಳ್ಳಿ. ಐಡಲ್‌ನಲ್ಲಿ ಪ್ಲಸ್ 22 ಇದ್ದದ್ದು 2500ರಲ್ಲಿ ಪ್ಲಸ್ 5ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ. ಐಡಲ್‌ನಲ್ಲಿ ಎಂಜಿನ್ ಉಸಿರಾಡುವುದು ಕಮ್ಮಿ, ಆ ಕಳ್ಳ ಗಾಳಿಯ ಪಾಲು ದೊಡ್ಡದು. ಜೋರಾಗಿ ಉಸಿರಾಡುವಾಗ ಅದೇ ತೂತಿನ ಪಾಲು ಸಣ್ಣದು. ನಮ್ಮ ಬಿಸಿಲಿಗೆ ರಬ್ಬರ್ ಕೊಳವೆಗಳು ಒಣಗಿ ಬಿರುಕು ಬಿಡುವುದು ಜಾಸ್ತಿ, ಮೊದಲು ಅವನ್ನೇ ನೋಡಿ. ಇದಕ್ಕೆ ಉಲ್ಟಾ, ಐಡಲ್‌ನಲ್ಲಿ ಸರಿ ಇದ್ದು ರೇಸ್ ಕೊಟ್ಟಷ್ಟೂ ಟ್ರಿಮ್ ಏರಿದರೆ ಪೆಟ್ರೋಲೇ ಸಾಲುತ್ತಿಲ್ಲ. ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನ ಪಡಿ.

ಗಾಳಿಯನ್ನು ನೇರವಾಗಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಕಾರಿಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ನಮ್ಮಲ್ಲಿ ಓಡುವ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಗಾಳಿಯ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಇರುತ್ತದೆ. ಅವುಗಳಲ್ಲಿ ಗಾಳಿ ಸೋರಿದರೆ ಟ್ರಿಮ್ ಅಷ್ಟಾಗಿ ಕೆಡುವುದಿಲ್ಲ, ಐಡಲ್ ಮೇಲೆ ಏರಿ ಕೂರುತ್ತದೆ. 750ರಲ್ಲಿ ಇರಬೇಕಾದ್ದು 1100ರಲ್ಲಿ ಇದ್ದರೆ ಅದೂ ಒಂದು ಸುಳಿವು.

ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ಸಪ್ಪೆ ಉಪ್ಪು ತಂದ ಹಾಗೆ. ಹಳೇ ಕಾರುಗಳಲ್ಲಿ ಲಾಂಗ್ ಟರ್ಮ್ ಟ್ರಿಮ್ ಮೊದಲಿಗಿಂತ ಕೆಲವು ಅಂಕಿ ಮೇಲೆ ಕೂತಿದ್ದರೆ ಅದೊಂದಕ್ಕೇ ಗಾಬರಿಯಾಗಬೇಡಿ.

ಗಂಗಾವತಿಯ ಕಾಕಾ, ಬಳ್ಳಾರಿಯ ಗೆಳೆಯ

ನಮ್ಮ ಕಾಕಾ ಗಂಗಾವತಿಯಲ್ಲಿರುತ್ತಾರೆ. ಅವರದು ಬಿಎಸ್6 ಡೀಸೆಲ್ ಗಾಡಿ. ದಿನಾ ಮನೆಯಿಂದ ಅಕ್ಕಿ ಗಿರಣಿಗೆ ಮೂರು ಕಿಲೋಮೀಟರ್, ವಾಪಸ್ ಮೂರು. ಹೊಸ ಗಾಡಿಯಲ್ಲಿ ಪಿಕಪ್ ಇಲ್ಲ, ದೀಪ ಬೇರೆ ಹತ್ತಿದೆ ಅಂತ ಫೋನ್ ಮಾಡಿದರು. ಹೋಗಿ ಸಿಕ್ಕಿಸಿದೆ. ಪಿ2463, ಫಿಲ್ಟರ್‌ನಲ್ಲಿ ಮಸಿ ಜಾಸ್ತಿಯಾಗಿದೆ.

2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಂತೆಲ್ಲ ಕಾರು ತಾನೇ ಅದನ್ನು ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಮೂರು ಕಿಲೋಮೀಟರ್‌ನಲ್ಲಿ ಎಂಜಿನ್ನೇ ಸರಿಯಾಗಿ ಬಿಸಿಯಾಗುವುದಿಲ್ಲ, ಫಿಲ್ಟರ್ ಎಲ್ಲಿಂದ ಬಿಸಿಯಾಗಬೇಕು? ಸುಡಲು ಶುರು ಮಾಡುವ ಹೊತ್ತಿಗೆ ಗಿರಣಿ ಬರುತ್ತದೆ, ಕಾಕಾ ಕೀ ತೆಗೆಯುತ್ತಾರೆ. ಹೀಗೆ ತಿಂಗಳಾನುಗಟ್ಟಲೆ.

ಗಾಡಿಯ ಪುಸ್ತಕದಲ್ಲಿ ಬರೆದ ಹಾಗೆ ಕೊಪ್ಪಳದ ಕಡೆ ಹೊರಟೆವು. ಎಲ್ಲೂ ನಿಲ್ಲಿಸದೆ, ಒಂದೇ ವೇಗದಲ್ಲಿ, 2000 ಆರ್‌ಪಿಎಂಗೆ ಕಮ್ಮಿಯಾಗದ ಹಾಗೆ. ಕಾಕಾ ಓಡಿಸಿದರು, ಪಕ್ಕದಲ್ಲಿ ಕೂತು ನಾನು ಫೋನ್ ನೋಡಿದೆ. ಓಡಿಸುವವರು ಫೋನ್ ನೋಡಲೇಬಾರದು. ಅರ್ಧ ಗಂಟೆಯ ಓಟದಲ್ಲಿ ಮಸಿ ಸುಟ್ಟಿತು, ಗಾಡಿ ಹಗುರಾಯಿತು. ಇನ್ನೂ ಒಂದು ತಿಂಗಳು ಬಿಟ್ಟಿದ್ದರೆ ಸರ್ವೀಸ್ ಸೆಂಟರ್‌ನಲ್ಲಿ ಅವರ ಸ್ಕ್ಯಾನರ್ ಹಾಕಿ ಬಲವಂತವಾಗಿ ಸುಡಿಸಬೇಕಿತ್ತು. ಅದನ್ನೂ ಮೀರಿದರೆ ಫಿಲ್ಟರ್ ಬದಲಿಸಬೇಕು, ಅದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಮಸಿ ಸುಡುವಾಗ ಗಾಡಿಯ ಅಡಿ ಭಾಗ ವಿಪರೀತ ಕಾಯುತ್ತದೆ. ಒಣ ಹುಲ್ಲಿನ ಮೇಲೆ, ಭತ್ತದ ಬಣವೆ ಪಕ್ಕದಲ್ಲಿ ನಿಲ್ಲಿಸಲೇಬೇಡಿ. ಡಿಪಿಎಫ್ ತೆಗೆಸಿಬಿಡಿ ಅನ್ನುವವರ ಮಾತೂ ಕೇಳಬೇಡಿ. ಅದು ಕಾನೂನಿಗೆ ವಿರುದ್ಧ, ಆ ಮಸಿ ನಮ್ಮ ಮಕ್ಕಳ ಎದೆಗೇ ಹೋಗುತ್ತದೆ.

ಬಳ್ಳಾರಿಯ ಗೆಳೆಯನದು ಬೇರೆ ಕಥೆ. ಕೆಲಸಕ್ಕೆ ಸಂಡೂರು ಕಡೆ ಓಡಾಡುತ್ತಾನೆ, ಅದಿರಿನ ಕೆಂಪು ಧೂಳು. ಕೋಡ್ ಪಿ0101, ಏರ್‌ಫ್ಲೋ ಸೆನ್ಸರ್ ಲೆಕ್ಕ ತಪ್ಪುತ್ತಿದೆ ಅಂತ. ಹೊಸ ಸೆನ್ಸರ್ ತರಿಸಲು ಹೊರಟಿದ್ದ. ಏರ್ ಫಿಲ್ಟರ್ ಡಬ್ಬಿ ತೆರೆದರೆ ಒಂದು ಕ್ಲಿಪ್ ಹಾಕಿಯೇ ಇರಲಿಲ್ಲ. ಆ ಸಂದಿಯಿಂದ ಧೂಳು ನೇರ ಒಳಗೆ ಹೋಗಿ, ಸೆನ್ಸರ್ ಮೇಲೆ ಕುಂಕುಮ ಬಳಿದ ಹಾಗೆ ಕೂತಿತ್ತು. ಏರ್‌ಫ್ಲೋ ಸೆನ್ಸರ್‌ಗೆಂದೇ ಸಿಗುವ ಸ್ಪ್ರೇ ಹೊಡೆದು, ಪೂರ್ತಿ ಆರಲು ಬಿಟ್ಟು ಹಾಕಿದೆವು. ಬಟ್ಟೆ, ಬ್ರಶ್, ಬೆರಳು ಯಾವುದೂ ತಾಗಿಸಬಾರದು. ಕ್ಲಿಪ್ ಹಾಕಿದ. ಆಮೇಲೆ ಕೋಡ್ ಬಂದಿಲ್ಲ.

ಇನ್ನು ಕೆಲವು ಮಾತು

ಬ್ಯಾಟರಿ ವೋಲ್ಟೇಜ್ ಇದೇ ಆ್ಯಪ್‌ನಲ್ಲಿ ಕಾಣುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6ರ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಅರ್ಧ. ಎಂಜಿನ್ ಓಡುವಾಗ 13.5ರಿಂದ 14.7ರ ನಡುವೆ ಇರಬೇಕು. ಕೆಲವು ಹೊಸ ಕಾರುಗಳು ಬೇಕೆಂದೇ ಸ್ವಲ್ಪ ಇಳಿಸುತ್ತವೆ. ವೋಲ್ಟೇಜ್ ಕಮ್ಮಿಯಾದಾಗ ಸಂಬಂಧವೇ ಇಲ್ಲದ ಹತ್ತಾರು ಕೋಡ್ ಒಟ್ಟಿಗೇ ಬರುತ್ತವೆ. ಪಟ್ಟಿ ಉದ್ದ ಇದ್ದರೆ ಮೊದಲು ಬ್ಯಾಟರಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಡಬ್ಬಿ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಮೊದಲು ಕೀ ಆನ್ ಮಾಡಿದಾಗ ಎಂಜಿನ್ ದೀಪ ಹತ್ತುತ್ತದೆಯೇ ನೋಡಿ. ಹತ್ತಲೇ ಇಲ್ಲ ಅಂದರೆ ಯಾರೋ ದೀಪವನ್ನೇ ಕಿತ್ತಿರಬಹುದು. ಆಮೇಲೆ ಕೋಡ್ ಅಳಿಸಿದ ಮೇಲೆ ಓಡಿದ ಕಿಲೋಮೀಟರ್ ಅನ್ನುವ ಲೆಕ್ಕ ಹುಡುಕಿ. ಬಹಳ ಕಾರುಗಳು ಕೊಡುತ್ತವೆ. ಅಲ್ಲಿ 12 ಅಂತಿದ್ದರೆ ನಿಮಗೆ ತೋರಿಸುವ ಮುಂಚೆ ಯಾರೋ ಅಳಿಸಿದ್ದಾರೆ. ಇನ್ನೊಂದು ವಾರ ಕಾಯುತ್ತೇನೆ ಅನ್ನಿ.

ಇದರಿಂದ ಕಾಣದೇ ಇರುವುದೂ ಬಹಳ ಇದೆ. ಕ್ಲಚ್ ಸವೆತ, ಬೆಲ್ಟ್ ಬಿರುಕು, ಆಯಿಲ್ ಸೋರಿಕೆ, ಬೇರಿಂಗ್ ಸದ್ದು, ಇವಕ್ಕೆ ಚಾಚಾನ ಕಣ್ಣು, ಕಿವಿಯೇ ಬೇಕು. ಏರ್‌ಬ್ಯಾಗ್, ಬ್ರೇಕ್ ಕೋಡ್ ಕಂಡರೆ ಓದಿ, ಬರೆದುಕೊಳ್ಳಿ, ಆದರೆ ಅವನ್ನು ತಿಳಿದವರ ಕೈಗೇ ಕೊಡಿ. ಸಾಫ್ಟ್‌ವೇರ್‌ನಲ್ಲಿ ಇಸಿಯು ಒಳಗೆ ಬರೆಯುವ, ಬದಲಿಸುವ ಆಯ್ಕೆಗಳಿದ್ದರೆ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಡಬ್ಬಿ ಕಿತ್ತಿಡಿ. ಸಾಕೆಟ್‌ನಲ್ಲಿ ಕೀ ಇಲ್ಲದಿದ್ದರೂ ಬ್ಯಾಟರಿಯ ಕರೆಂಟ್ ಇರುತ್ತದೆ, ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ.

ರಿಪೇರಿ ಆದ ಮೇಲೆ ಅದು ನಿಜವಾಗಿಯೂ ಆಗಿದೆಯೇ ಅಂತ ನೋಡುವುದೂ ಇದರ ಕೆಲಸವೇ. ಕೋಡ್ ಅಳಿಸಿದಾಗ ಕಾರು ತನ್ನ ಒಳಪರೀಕ್ಷೆಗಳನ್ನೆಲ್ಲ ಮೊದಲಿಂದ ಶುರು ಮಾಡುತ್ತದೆ. ಆ್ಯಪ್‌ನಲ್ಲಿ ರೆಡಿನೆಸ್ ಅಂತ ಪಟ್ಟಿ ಇರುತ್ತದೆ. ಕೆಲವು ದಿನ ಊರೊಳಗೆ, ಹೈವೇ ಮೇಲೆ ಓಡಿಸಿದ ಮೇಲೆ ಆ ಪಟ್ಟಿ ಪೂರ್ತಿಯಾಗಿ, ಪೆಂಡಿಂಗ್ ಖಾಲಿ ಇದ್ದರೆ ರಿಪೇರಿ ಸರಿಯಾಗಿದೆ ಅಂತ ನಂಬಬಹುದು. ಕೂಲಂಟ್ ಸೆನ್ಸರ್‌ಗೆ ಇನ್ನೂ ಸುಲಭದ ದಾರಿ ಇದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಕೂಲಂಟ್ ಮತ್ತು ಎಂಜಿನ್ನಿಗೆ ಬರುವ ಗಾಳಿ ಎರಡರ ಬಿಸಿಯೂ ಹೆಚ್ಚು ಕಡಿಮೆ ಒಂದೇ ಇರಬೇಕು.

ವೈರ್ ಜೋಡಿಸಿದ ಮರುದಿನ ಬೆಳಿಗ್ಗೆ ಆರು ಗಂಟೆಗೆ ಎದ್ದು ಕಾರಿಗೆ ಹೋದೆ. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದೆ. ಫ್ಯಾನ್ ಸುಮ್ಮನಿತ್ತು. ಗಾಳಿ 30, ಕೂಲಂಟ್ 29.